ಹಾಳೆ ಕೈಯಲ್ಲಿದ್ದಷ್ಟು ಹೊತ್ತು

ಪತ್ರಗಳಲ್ಲೇ ಕಥೆ ಹೇಳುವ ಕಾದಂಬರಿ ಎಂದರೆ ಶುದ್ಧ ನಾಟಕ ಎಂದು ಬಾಗಲಕೋಟೆಯ ಕಾಲೇಜಿನಲ್ಲಿ ನಮಗೆ ಪಾಠ ಹೇಳುತ್ತಿದ್ದ ಸರ್ ಒಮ್ಮೆ ಅಂದರು. ಅಷ್ಟುದ್ದದ ಕಾಗದ ಯಾರು ಬರೆಯುತ್ತಾರೆ, ಎದೆ ಒಡೆದು ಅಳುವ ಹೆಂಗಸು ಪೂರ್ಣವಿರಾಮ ಹಾಕುತ್ತ ಕೂಡುತ್ತಾಳೇನು, ಎದುರಿಗೆ ಬಂದು ಹೇಳಿದರೆ ಒಂದು ಮಾತಿನಲ್ಲಿ ಮುಗಿಯುವುದಕ್ಕೆ ಒಂದು ಪುಸ್ತಕ ಯಾಕೆ ಎಂದು ಅವರು ಕೇಳಿದಾಗ ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ನಮ್ಮ ಮನೆತನದಲ್ಲಿ ಕಾಲೇಜಿನ ಬೆಂಚು ಕಂಡ ಮೊದಲನೆಯವಳು ನಾನು. ಸರ್ ನಕ್ಕಾಗ ನಗಬೇಕು ಎಂಬುದನ್ನೂ ಅಲ್ಲಿಯೇ ಕಲಿತದ್ದು. ಆಮೇಲೆ ಬಿ.ಎ. ಮುಗಿಸಿದೆ, ಬಿ.ಇಡಿ. ಮುಗಿಸಿದೆ, ಹೈಸ್ಕೂಲಿನಲ್ಲಿ ಮಕ್ಕಳಿಗೆ ಕನ್ನಡ ಕಲಿಸಿ ಕಲಿಸಿ ಗಂಟಲು ಸವೆಸಿಕೊಂಡು ನಿವೃತ್ತಳೂ ಆದೆ. ಇವತ್ತಿಗೂ ಕಾಗದಗಳ ರೂಪದ ಕಾದಂಬರಿಯೊಂದು ಸಿಕ್ಕರೆ ಮಿಕ್ಕ ಪುಸ್ತಕಗಳನ್ನು ಬದಿಗಿಟ್ಟು ಅದನ್ನೇ ಹಿಡಿಯುತ್ತೇನೆ. ಅದರಲ್ಲೇನಿದೆ ಅಂಥದ್ದು ಎಂದು ಮೊಮ್ಮಕ್ಕಳೂ ಕೇಳುತ್ತಾರೆ, ಜೊತೆಯ ಮಾಸ್ತರರೂ ಕೇಳುತ್ತಾರೆ. ವಾದ ಮಾಡುವ ಕಸುವು ಈಗ ನನ್ನಲ್ಲಿಲ್ಲ. ಸರ್‌ಗೆ ಅಂದು ಕೊಡದ ಉತ್ತರ ಇಳಕಲ್ಲಿನ ನಮ್ಮ ಮನೆಯ ಪಡಸಾಲೆಯಲ್ಲಿದೆ. ಆ ಪಡಸಾಲೆಯನ್ನೇ ಹೇಳಿಬಿಡುತ್ತೇನೆ.

ಪಡಸಾಲೆ ಅಂದರೆ ಮಗ್ಗ. ನೆಲದಲ್ಲಿ ಕುಣಿ ತೋಡಿ ಕಾಲಿಳಿಬಿಟ್ಟು ಅಪ್ಪ ಕೂಡುತ್ತಿದ್ದ. ಬೆಳಗಿನಿಂದ ದೀಪ ಹಚ್ಚುವ ತನಕ ಲಾಳಿಯ ಸಪ್ಪಳ. ಅದು ನಿಂತರೆ ಮನೆಗೆ ಏನೋ ಆಗಿದೆ ಎಂದು ಲೆಕ್ಕ. ನಮಗೆ ಉಳಿದ ಜಾಗವೆಂದರೆ ಮಗ್ಗದ ಸುತ್ತಲಿನದ್ದು. ನಡುಮನೆಯಲ್ಲಿ ದೇವರ ಜಗಲಿ, ಜ್ವಾಳದ ಚೀಲ, ಹಾಸಿಗೆಯ ಸುರುಳಿ. ಅದರ ಹಿಂದೆ ಹೊಗೆ ತುಂಬಿದ ಅಡಿಗೆಮನೆ. ಉದ್ದನೂಲಿನ ಒಂದು ಹಾಸು ಮುಗಿದು ಇನ್ನೊಂದನ್ನು ಮಗ್ಗಕ್ಕೆ ಏರಿಸುವಾಗ ಹಳೆಯ ಹಾಸಿನ ಒಂದೊಂದು ಎಳೆಗೂ ಹೊಸದರ ಒಂದೊಂದು ಎಳೆಯನ್ನು ಬೆರಳಲ್ಲಿ ಬೂದಿ ಹಚ್ಚಿಕೊಂಡು ಹೊಸೆದು ಕೂಡಿಸಬೇಕು. ಅದಕ್ಕೆ ಕೆಚ್ಚುವುದು ಅನ್ನುತ್ತಾರೆ. ಸಾವಿರಾರು ಎಳೆ, ಹೆಂಗಸರ ಕೆಲಸ. ಕಣ್ಣು ಕೈ ಎರಡೂ ಕಟ್ಟಿಹಾಕಿದ ಹಾಗೆ, ಬಾಯಿ ಕಿವಿಗೆ ಮಾತ್ರ ಬಿಡುವು. ಆದ್ದರಿಂದ ನಮ್ಮ ಮನೆಯ ಜಗಳಗಳೆಲ್ಲ ಕೆಚ್ಚುವ ದಿನವೇ ನಡೆಯುತ್ತಿದ್ದವು. ಅವ್ವ, ಅಪ್ಪನ ತಾಯಿ ಆಯಿ, ಗಂಗತ್ತೆ ಸಾಲಾಗಿ ಕೂತು ಎಳೆಯಿಂದ ಮುಖ ಎತ್ತದೆ ಒಬ್ಬರನ್ನೊಬ್ಬರು ಅನ್ನಬಾರದ್ದನ್ನು ಅನ್ನುತ್ತಿದ್ದರು.

ಗಂಗತ್ತೆ ಅಪ್ಪನ ತಂಗಿ. ಹುನಗುಂದಕ್ಕೆ ಕೊಟ್ಟಿತ್ತು. ಗಂಡ ಮಲ್ಲೇಶಿ ಮಾವ ಸೊಲ್ಲಾಪುರದ ಮಿಲ್ಲಿಗೆ ಹೋದ; ಅತ್ತೆಗೂ ಅವಳ ಅತ್ತೆ ನೀಲವ್ವನಿಗೂ ಒಂದೇ ಒಲೆಯ ಮುಂದೆ ಹೊಂದಿಕೆಯಾಗಲಿಲ್ಲ; “ನಾಲ್ಕು ದಿನ ಇರ್ತೇನಿ” ಎಂದು ತವರಿಗೆ ಬಂದವಳು ನಾನು ಪ್ರಾಥಮಿಕ ಶಾಲೆಯಲ್ಲಿದ್ದಾಗ ಬಂದು ನಾನು ಹೈಸ್ಕೂಲಿಗೆ ಹೋದರೂ ಇಲ್ಲಿಯೇ ಇದ್ದಳು. ಯಾರೂ ಅವಳನ್ನು ಹೋಗು ಅನ್ನಲಿಲ್ಲ, ಇರು ಅಂತಲೂ ಅನ್ನಲಿಲ್ಲ. ಅವ್ವ ಹಿಟ್ಟಿನ ಡಬ್ಬಿಯ ಮುಚ್ಚಳ ಹಾಕುವ ಸಪ್ಪಳದಲ್ಲೇ ಎಲ್ಲವನ್ನೂ ಹೇಳುತ್ತಿದ್ದಳು.

“ಗಂಗವ್ವಾ, ಉಂಡ ತಾಟು ನೆನಿ ಹಾಕ್ಬಾರ್ದೇನು? ನನ್ನ ಕೈ ಏನ್ ಗಿರಣಿ ಅನ್ಕೊಂಡೀ?”

“ಹಾಕ್ತೇನಿ ವೈನಿ. ನೀವು ಹೇಳೂಮಟಾ ಕಾಯ್ಲಿಕತ್ತಿದ್ದೆ, ಇಲ್ಲಾಂದ್ರ ನಿಮಗ ಹೇಳಾಕ ಏನೂ ಉಳಿಯಂಗಿಲ್ಲಲಾ.”

ಮಾವನಿಂದ ಕಾರ್ಡು ಬರುತ್ತಿತ್ತು. ದೀಪಾವಳಿಗೊಂದು, ಯುಗಾದಿಗೊಂದು. ಅವನಿಗೆ ಬರೆಯಲು ಬಾರದು. ಅವನ ಖೋಲಿಯಲ್ಲಿ ಜೊತೆಗಿದ್ದ ಯಾರೋ ಬರೆಯುತ್ತಿದ್ದರು. ಅತ್ತೆಗೆ ಓದಲು ಬಾರದು, ನಾನು ಓದುತ್ತಿದ್ದೆ. “ಇತ್ತ ಕಡೆ ಎಲ್ಲಾ ಕ್ಷೇಮ, ನಿಮ್ಮ ಕ್ಷೇಮ ಸಮಾಚಾರಕ್ಕೆ ಬರೆಯುವುದು.” ಅಷ್ಟೇ. ಉತ್ತರ ನನ್ನ ಕೈಯಿಂದ ಹೋಗುತ್ತಿತ್ತು, ಅದೂ ಅಷ್ಟೇ. ಗಂಡ ಹೆಂಡಿರ ಮಾತು ಎರಡು ಪರಕೀಯ ಬಾಯಿಗಳಲ್ಲಿ ಹಾಯ್ದು ಬರುವಷ್ಟರಲ್ಲಿ ಅದರಲ್ಲಿ ಕ್ಷೇಮವೊಂದೇ ಉಳಿದಿರುತ್ತಿತ್ತು.

ನಮ್ಮ ಓಣಿಯಲ್ಲಿ ಕಾಗದಕ್ಕೆ ಒಂದು ಶಿಸ್ತು ಇತ್ತು. ಅದರ ಕಾವಲುಗಾರ್ತಿ ನಮ್ಮ ಆಯಿ. ಬಂದ ಕಾಗದವನ್ನು ಕಣ್ಣಿಗೊತ್ತಿಕೊಂಡು ಓದಬಲ್ಲವರು ಬರುವ ತನಕ ಜಗಲಿಯ ಮೇಲೆ ಇಡಬೇಕು. ಓದುವಾಗ ಯಾರೂ ನಡುವೆ ಬಾಯಿ ಹಾಕಬಾರದು. ದೂರದವರು ಮಾತಾಡುತ್ತಿದ್ದಾರೆ, ನಿನ್ನ ಮಾತು ಅವರಿಗೆ ಕೇಳಿಸದು, ಕೇಳಿಸದವರ ಮೇಲೆ ಬಾಯಿ ಮಾಡುವುದು ಅಧರ್ಮ ಎನ್ನುವುದು ಆಯಿಯ ನ್ಯಾಯ. ಹಾಳೆ ಮಡಚಿದ ಮೇಲೆ ಬೈಗಳಾಗಲಿ ಅಳುವಾಗಲಿ. ಸಾವಿನ ಕಾಗದದ ರೀತಿಯೇ ಬೇರೆ. ಅದರ ಮೂಲೆ ಹರಿದಿರುತ್ತಿತ್ತು, ಮೊದಲಿಗೆ ಕ್ಷೇಮ ಇರುತ್ತಿರಲಿಲ್ಲ. ಹೊಸ್ತಿಲ ಹೊರಗೆ ನಿಂತು ಮೊದಲ ಸಾಲು ಓದಿ, ಅಲ್ಲೇ ಹರಿದು ಗಟಾರಕ್ಕೆ ಒಗೆದು, ಕೈಕಾಲು ತೊಳೆದುಕೊಂಡು ಒಳಗೆ ಬರಬೇಕು. ನಾವು ಲಿಂಗ ಕಟ್ಟಿದವರು, ನಮಗೆಲ್ಲಿಯ ಸೂತಕ ಎಂದು ಅಪ್ಪ ನಗುತ್ತಿದ್ದ.

“ಮನಿಶ್ಯಾರಿಗೆ ಸೂತಕಿಲ್ಲಪಾ,” ಎನ್ನುತ್ತಿದ್ದಳು ಆಯಿ, “ಕಾಗದಕ್ಕ ಐತಿ.”

ಇಂಥ ಮನೆಗೆ ನಾನು ಒಂದು ಪುಸ್ತಕ ತಂದೆ. ಊರ ವಾಚನಾಲಯದಲ್ಲಿ ಅಪ್ಪನ ಹೆಸರಿನಲ್ಲಿ ಒಂದು ಕಾರ್ಡು ಮಾಡಿಸಿಕೊಂಡಿದ್ದೆ. ಅಲ್ಲಿದ್ದವರು ವಯಸ್ಸಾದವರು, ಯಾವ ಪುಸ್ತಕ ಬೇಕು ಎಂದು ಕೇಳುತ್ತಿರಲಿಲ್ಲ, ಕೈಗೆ ಸಿಕ್ಕದ್ದನ್ನು ಕೊಡುತ್ತಿದ್ದರು. ಅವತ್ತು ಕೊಟ್ಟದ್ದಕ್ಕೆ ಮೊದಲ ಪುಟಗಳೇ ಇರಲಿಲ್ಲ. ಬರೆದವರಾರು, ಹೆಸರೇನು, ತಿಳಿಯದು, ಇವತ್ತಿಗೂ ತಿಳಿದಿಲ್ಲ. ತೆರೆದರೆ ಬರೀ ಕಾಗದಗಳು. ಒಬ್ಬ ಹೆಣ್ಣುಮಗಳು ದೂರ ಇರುವ ಗಂಡನಿಗೆ ಬರೆಯುತ್ತಾಳೆ. ಅವನ ಉತ್ತರ ಒಂದೂ ಪುಸ್ತಕದಲ್ಲಿಲ್ಲ. ಕೆಚ್ಚುವ ದಿನ ಅವ್ವ ಮತ್ತು ಅತ್ತೆ ಜಗಳಕ್ಕೆ ಅಣಿಯಾಗುವ ಮೊದಲೇ ನಾನು ಗೋಡೆಗೆ ಒರಗಿ ಓದತೊಡಗಿದೆ. “ನಿನ್ನೆಯಿಂದ ಇಲ್ಲಿ ಗಾಳಿ. ಒಗೆದ ಬಟ್ಟೆಯೆಲ್ಲ ಪಕ್ಕದವರ ಅಂಗಳದಲ್ಲಿ ಬಿದ್ದಿತ್ತು. ನಿಮ್ಮ ಅಂಗಿ ಇಲ್ಲದ ಹಗ್ಗ ನೋಡಲಾಗದೆ ನಾನು ಹೆಕ್ಕಲು ಹೋಗಲಿಲ್ಲ” ಎಂಬಂಥದ್ದೇನೋ ಇತ್ತು. ಮಾತು ನನ್ನದು, ಪುಸ್ತಕದ್ದು ಈಗ ಅಷ್ಟು ನೆಟ್ಟಗೆ ನೆನಪಿಲ್ಲ. ಯಾರೂ ಬಾಯಿ ಹಾಕಲಿಲ್ಲ. ಕಾಗದ ಓದುತ್ತಿದ್ದೇನೆಂದು ಅವರೆಲ್ಲ ತಿಳಿದಿದ್ದರು. ಮುಗಿದ ಮೇಲೆ ಆಯಿ ಕೇಳಿದಳು.

“ಯಾವೂರಾಕಿ ಈಕಿ?”

“ಕಾದಂಬರಿ ಆಯಿ ಇದು. ಖರೆ ಅಲ್ಲ.”

“ಕಾಗದ ಬರದಾಳ, ಖರೆ ಅಲ್ಲ ಅಂದ್ರ? ಮ್ಯಾಲ ಕ್ಷೇಮ ಬರೀಲಿಲ್ಲ, ಅದೊಂದು ತಪ್ಪು. ಗಂಡ ಏನಂತ ಬರದಾನ?”

“ಅವಂದು ಇದರಾಗ ಇಲ್ಲ.”

“ಇಲ್ಲಾಂದ್ರ ಹೆಂಗ? ಕಾಗದಕ್ಕ ಉತ್ತರ ಇರಬೇಕು.”

ಇಲ್ಲದ ಉತ್ತರವನ್ನು ಅವರೇ ಹೇಳತೊಡಗಿದರು. ಪ್ರತಿ ಕಾಗದದ ನಂತರ ಒಂದು ಸುತ್ತು. ಆಯಿಯ ಬಾಯಲ್ಲಿ ಆ ಗಂಡಸು ಬುದ್ಧಿ ಹೇಳುತ್ತಿದ್ದ: “ಬಟ್ಟಿ ಹಾರಿ ಹೋಗೂಮಟಾ ಏನ್ ಮಾಡಾಕತ್ತಿದ್ದಿ? ಕ್ಲಿಪ್ಪು ಹಾಕಬಾರ್ದೇನು?” ಅವ್ವನ ಬಾಯಲ್ಲಿ ಅವನು ಚೂರು ಕಳ್ಳ: “ಅಂಗಿ ಬಿಡು, ಅಂಗಡ್ಯಾಗ ಒಂದು ಸೀರಿ ನೋಡೀನಿ, ಬರೂ ತಿಂಗಳ ತರ್ತೇನಿ ಅಂತ ಬರದಿರ್ತಾನ. ತರಂಗಿಲ್ಲ, ಆ ಮಾತು ಬ್ಯಾರೆ.” ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಹಣಿಗೆ ಸರಿಪಡಿಸುತ್ತಿದ್ದ ಅಪ್ಪನೂ ಒಮ್ಮೆ, “ಅಂವಗ ಪಗಾರ ಆಗಿರಂಗಿಲ್ಲ, ಅದಕ್ಕ ಸುಮ್ನದಾನ” ಅಂದ. ಅತ್ತೆ ಮಾತ್ರ ಸುಮ್ಮನೆ ಎಳೆ ಹೊಸೆಯುತ್ತಿದ್ದಳು. ಬಹಳ ದಿನಗಳ ಮೇಲೆ ಅವಳ ಸರದಿ ಬಂದಾಗ ತಲೆ ಎತ್ತದೆ ಹೇಳಿದಳು.

“ಅಂವ ಆ ಕಾಗದ ಇಟ್ಕೊಂಡಾನ. ಉತ್ತರಾ ಬರೀಬೇಕಂತ ಮಾಡ್ತಾನ. ತಾನಿದ್ದದ್ದು ಬರದ್ರ ಆಕಿ ಅಳ್ತಾಳ, ಇಲ್ಲದ್ದು ಬರದ್ರ ನಂಬ್ತಾಳ. ಎರಡೂ ಆಗವಲ್ದು ಅಂವಗ.”

ಅವ್ವ ತನ್ನ ಮುಂದಿದ್ದ ಬೂದಿಯ ಬಟ್ಟಲನ್ನು ಅತ್ತೆಯ ಕಡೆಗೆ ಸರಿಸಿದ್ದು ನನಗೆ ಕಂಡಿತು. ಅವ್ವ ಅತ್ತೆಗೆ ತಾನಾಗಿ ಏನಾದರೂ ಸರಿಸಿದ್ದು ನಾನು ನೋಡಿದ್ದು ಅದೇ ಮೊದಲು. ಒಬ್ಬರೇ ಮಾತಾಡುವ ಪುಸ್ತಕ ಕೇಳುವವರ ಬಾಯಿಂದ ಏನೇನು ತೆಗೆಸುತ್ತದೆ ಎಂಬುದನ್ನು ನಾನು ಕಂಡದ್ದು ಅವತ್ತು. ಸರ್‌ಗೆ ಇದನ್ನು ಹೇಳಬಹುದಾಗಿತ್ತು.

ಪುಸ್ತಕದ ನಡುವೆ ಒಂದು ಕಡೆ ಆ ಹೆಣ್ಣುಮಗಳ ತಾಯಿ ಸಾಯುತ್ತಾಳೆ. ನಾನು ಒಂದು ಸಾಲು ಓದಿದೆನೋ ಇಲ್ಲವೋ, ಆಯಿ ಬೂದಿಗೈಯಲ್ಲೇ ಎದ್ದಳು.

“ಹೊರಗ ನಡಿ. ಹೊರಗ. ಹಾಸು ಹಾಕಿದ ಮನ್ಯಾಗ ಸಾವಿನ ಕಾಗದ ಓದ್ತಾರೇನು?”

ನಾನು ಹೊಸ್ತಿಲ ಹೊರಗೆ ಕಟ್ಟೆಯ ಹತ್ತಿರ ನಿಂತೆ. ಆಯಿ ಹಿಂದೆಯೇ ಬಂದು, ನಾನು ಏನು ಎತ್ತ ಅನ್ನುವುದರೊಳಗೆ ಆ ಪುಟದ ಮೂಲೆಯನ್ನು ಚರಕ್ಕನೆ ಹರಿದಳು. ಪೂರ್ತಿ ಹರಿದು ಗಟಾರಕ್ಕೆ ಒಗೆ ಅಂದಾಗ ಮಾತ್ರ ನಾನು ಪುಸ್ತಕವನ್ನು ಬೆನ್ನ ಹಿಂದೆ ಅಡಗಿಸಿ, ಇದು ಸರಕಾರದ್ದು ಎಂದು ಅತ್ತುಬಿಟ್ಟೆ. ಸರಕಾರ ಅಂದದ್ದಕ್ಕೆ ಆಯಿ ಬಿಟ್ಟಳು. ಪುಸ್ತಕ ಮಾತ್ರ ಒಳಗೆ ಬರಕೂಡದು ಎಂದಾಯಿತು. ಉಳಿದದ್ದನ್ನು ಕಟ್ಟೆಯ ಮೇಲೆ ಕೂತು ಓದಿ ಮುಗಿಸಿದೆ. ಆಚೀಚೆ ಮನೆಯ ಹೆಂಗಸರೂ ಲಾಳಿಯೊಳಗಿಡುವ ನೂಲಿನ ಕಂಡಿಕೆ ಸುತ್ತುವ ರಾಟಿ ಎತ್ತಿಕೊಂಡು ಬಂದು ಕೂತರು. ಹೆದರುತ್ತ ಹೆದರುತ್ತ ಪುಸ್ತಕ ಹಿಂದಿರುಗಿಸಿದಾಗ ವಾಚನಾಲಯದವರು ಪುಟ ತಿರುಗಿಸಿ ಹರಿದ ಮೂಲೆ ನೋಡಿದರು, ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

“ಯಾರು ಸತ್ರು?”

“ಆಕಿ ತಾಯಿ ರೀ.”

“ಹಂಗಾರ ಹರೀಬೇಕಾದದ್ದೇ,” ಎಂದು ಮುಚ್ಚಿ ಕಪಾಟಿನಲ್ಲಿಟ್ಟರು.

ಆ ಬ್ಯಾಸಗಿಯಲ್ಲೇ ಹುನಗುಂದದ ಕಡೆಯಿಂದ ಬಂದವರು ಒಂದು ಸುದ್ದಿ ಹೇಳಿದರು. ನೀಲವ್ವ ಮಗನಿಗೆ ಇನ್ನೊಂದು ಹೆಣ್ಣು ನೋಡಿದ್ದಾಳೆ, ಕಲಾದಗಿ ಕಡೆಯ ಮನೆ, ಮಳೆ ಹಿಡಿಯುವ ಮೊದಲು ಮುಗಿಸುತ್ತಾರಂತೆ. ಅಪ್ಪ ಮಗ್ಗ ನಿಲ್ಲಿಸಿದ. ಆಯಿ ಗೋಡೆ ನೋಡುತ್ತ ಕೂತಳು. ಹಿರಿಯರನ್ನು ಕೂಡಿಸಿ ಕೇಳಬೇಕು ಎಂದು ಅವ್ವ, ಕೇಳಿ ಏನಾಗಬೇಕು ಎಂದು ಅಪ್ಪ. ಮರುದಿನ ನಾನು ಹಿತ್ತಲಲ್ಲಿ ಪಾತ್ರೆ ತೊಳೆಯುವಾಗ ಅತ್ತೆ ಬಂದು, ಸೆರಗಿನಿಂದ ನೀಲಿ ಇನ್‌ಲ್ಯಾಂಡ್ ಕಾಗದವೊಂದನ್ನು ತೆಗೆದಳು.

“ಶಾಂತಾ, ಬರಿ. ನಾ ಹೆಂಗ ಹೇಳ್ತೇನಿ ಹಂಗ. ನಿನ್ನ ಸಾಲಿ ಮಾತು ಬ್ಯಾಡ.”

ನಾನು ರೂಢಿಯಂತೆ ‘ಇತ್ತ ಕಡೆ’ ಎಂದು ಸುರು ಮಾಡಿದೆ. ಅತ್ತೆ ಕೈ ಹಿಡಿದಳು.

“ಅದು ಬ್ಯಾಡ. ಕ್ಷೇಮ ಇಲ್ಲ ಅಂತ ಬರಿ.”

“ಅತ್ತಿ, ಹಂಗ ಯಾರೂ ಬರಿಯಂಗಿಲ್ಲ.”

“ಪುಸ್ತಕದಾಕಿ ಕ್ಷೇಮ ಬರದಿದ್ಲೇನು? ಆಕಿ ಮಾತು ಇಡೀ ಓಣಿ ಕುಂತು ಕೇಳ್ತು. ನನ್ನ ಮಾತು ಒಬ್ಬಂವ ಕೇಳಿದ್ರ ಸಾಕು. ಬರಿ.”

ಬರೆದೆ. ಹೇಳುವಾಗ ಅವಳು ಅಳಲಿಲ್ಲ. ಕೆಚ್ಚುವಾಗ ಕೂತ ಹಾಗೆಯೇ ಕೂತು, ಒಂದು ಮಾತಿಗೆ ಇನ್ನೊಂದನ್ನು ನಿಧಾನ ಹೊಸೆದು ಕೂಡಿಸುತ್ತ ಹೋದಳು. ಅಂಟಿಸಿ ಟಪಾಲು ಡಬ್ಬಿಗೆ ಹಾಕಿ ಬಂದೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಆಮೇಲೊಂದು ಮಧ್ಯಾಹ್ನ, ಊಟದ ಹೊತ್ತು. ಓಣಿಯ ಮೂಲೆಯಿಂದಲೇ ಎದೆ ಬಡಿದುಕೊಳ್ಳುವ ಸಪ್ಪಳ ಕೇಳಿಸಿತು.

“ಅಯ್ಯೋ ನನ್ನ ಬಂಗಾರದಂಥಾ ಸೊಸಿ! ಹಾಲಿನಂಥಾ ಮನಸಿನಾಕಿ! ಹೆಂಗ ಬಿಟ್ಟು ಹ್ವಾದ್ಯವ್ವಾ ನಮ್ಮನ್ನ!”

ಮುಂದೆ ನೀಲವ್ವ, ಹಿಂದೆ ಗಡ್ಡ ಬೆಳೆದ, ಕಣ್ಣು ಕೆಂಪಾದ ಮಲ್ಲೇಶಿ ಮಾವ, ಅವನ ಕಂಕುಳಲ್ಲಿ ಹೊಸ ಹಸಿರು ಸೀರೆ. ಮುತ್ತೈದೆ ಹೆಣಕ್ಕೆ ಉಡಿಸುವಂಥದ್ದು. ಅತ್ತೆ ಕೈಯಲ್ಲಿ ಕಂಡಿಕೆ ಹಿಡಿದುಕೊಂಡೇ ಹೊಸ್ತಿಲಿಗೆ ಬಂದಳು.

“ಯಾರ ಸತ್ತಾರ ಅತ್ತಿ?”

ನೀಲವ್ವನ ಅಳು ಅರ್ಧಕ್ಕೆ ನಿಂತಿತು. ಎತ್ತಿದ ಕೈ ಹಾಗೇ ಇತ್ತು.

“ನೀ ಸತ್ತೀ ಅಂತಲ್ಲಬೇ!”

“ನನಗ ಯಾರೂ ಹೇಳಲಿಲ್ಲರಿ.”

ಓಣಿಯ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಮಾವ ಕಟ್ಟೆಯ ಮೇಲೆ ಕುಸಿದು ಕೂತವನು ಏಳಲಿಲ್ಲ. ಆಯಿ ಸೀರೆಯನ್ನೂ ಅವನನ್ನೂ ನೋಡಿ, “ಇಳಕಲ್ಲಿಗೆ ಸೀರಿ ತರೂ ಮಂದಿನ್ನ ಇವತ್ತ ನೋಡಿದೆ” ಎಂದು ಒಳಗೆ ಹೋಗಿ ನೀರು ತಂದುಕೊಟ್ಟಳು. ಆದದ್ದು ಇಷ್ಟು: ಖೋಲಿಯಲ್ಲಿ ಕಾಗದ ಓದಿ ಹೇಳುವ ಗೆಳೆಯ ನಮ್ಮ ಕಡೆಯವನೇ, ನಮ್ಮ ಶಿಸ್ತೇ ಅವನಿಗೂ ಗೊತ್ತು. ಬಿಚ್ಚಿದ, ಮೇಲೆ ‘ಇಲ್ಲಿ ಕ್ಷೇಮ ಇಲ್ಲ’ ಎಂದಿತ್ತು. ಮುಂದೆ ಓದಲಿಲ್ಲ. ಮಾವನನ್ನು ಹೊರಗೆ ನಳದ ಹತ್ತಿರ ಕರೆದು, ಅಲ್ಲೇ ಕಾಗದ ಹರಿದು ಗಟಾರಕ್ಕೆ ಒಗೆದು, ಎದೆ ಗಟ್ಟಿ ಮಾಡಿಕೋ ಎಂದು ಬಸ್ಸು ಹತ್ತಿಸಿದ. ಮಾವ ದಾರಿಯಲ್ಲಿ ಹುನಗುಂದಕ್ಕೆ ಇಳಿದು ತಾಯಿಯನ್ನು ಕರೆದುಕೊಂಡು ಬಂದಿದ್ದ.

ಎಲ್ಲರೂ ಪಡಸಾಲೆಯಲ್ಲಿ ಕೂತರು. ಅತ್ತೆ ಅಡಿಗೆಮನೆಗೆ ಹೋದಳು. ಹಿರಿಯರ ಎದುರು ಗಂಡ ಹೆಂಡತಿ ನೇರ ಮಾತಾಡುವುದು ಆಗ ನಮ್ಮಲ್ಲಿ ಇರಲಿಲ್ಲ. ಮಾತಾಡಿದವಳು ನೀಲವ್ವ ಒಬ್ಬಳೇ; ಬಸ್ ಚಾರ್ಜಿನಿಂದ ಹಿಡಿದು ಮರ್ಯಾದೆಯ ತನಕ. ಜೀವಂತ ಇದ್ದು ಸಾವಿನ ಕಾಗದ ಬರೆಯುವವಳು ಎಂಥ ಹೆಂಗಸು, ಮಗನಿಗೆ ಬೇರೆ ನೋಡಿದರೆ ತಪ್ಪೇನು. ಅಪ್ಪ ಉತ್ತರಕ್ಕೆ ಬಾಯಿ ತೆರೆದರೆ ಅವಳ ಮಾತು ಅದರ ಮೇಲೆ ಬೀಳುತ್ತಿತ್ತು. ನಾನು ಮೂಲೆಯಿಂದ, ಅದು ಸಾವಿನ ಕಾಗದ ಅಲ್ಲ, ಅದರಲ್ಲಿ ಇನ್ನೂ ಬಹಳ ಇತ್ತು, ನನಗೆ ಅಷ್ಟೂ ಬಾಯಿಪಾಠ ಇದೆ ಅಂದೆ. “ನೀ ಸುಮ್ಕಿರ, ಇದರಾಗ ಹುಡುಗ್ಯಾರದೇನು” ಎಂದು ನೀಲವ್ವ. ಆಗ ಆಯಿ ನನ್ನ ಸಾಲಿ ವಹಿಯತ್ತ ಕೈ ತೋರಿಸಿದಳು.

“ಒಂದು ಹಾಳಿ ಹರಿದು ಕೈಯಾಗ ಹಿಡ್ಕೊ. ಹಾಳಿ ಇಲ್ಲಾಂದ್ರ ಅದು ಮಾತು ಆಕ್ಕೈತಿ. ಮಾತಿಗೆ ಎಲ್ಲಾರೂ ಬಾಯಿ ಹಾಕ್ತಾರ. ಹಾಳಿ ಹಿಡಿದು ಓದು.”

ಖಾಲಿ ಹಾಳೆ ಹಿಡಿದು ನಿಂತೆ. ನೀಲವ್ವ ಸುಮ್ಮನಾದಳು. ಅವಳೂ ಅದೇ ಶಿಸ್ತಿನವಳು.

“ಇಲ್ಲಿ ಕ್ಷೇಮ ಇಲ್ಲ. ಉಣ್ತೇನಿ, ಮಲಗ್ತೇನಿ, ಕಂಡಿಕಿ ಸುತ್ತತೇನಿ. ಆದ್ರೂ ಕ್ಷೇಮ ಇಲ್ಲ. ಅಣ್ಣನ ಮನ್ಯಾಗ ರೊಟ್ಟಿ ಬಡಿಯುವಾಗ ಕಡೀ ರೊಟ್ಟಿ ನಂದು ಅಂತ ಸಣ್ಣದು ಮಾಡ್ತೇನಿ. ಯಾರೂ ಮಾಡು ಅಂದಿಲ್ಲ, ವೈನಿ ಅಂತೂ ಅಂದಿಲ್ಲ. ಕೈ ತಾನ ಸಣ್ಣದು ಮಾಡ್ತೈತಿ. ನನ್ನ ಕೈ ನನ್ನ ಮಾತು ಕೇಳವಲ್ದು. ನೀವು ಉಗುರು ಕಡಿಯೂದು ಬಿಟ್ಟೀರೋ ಇಲ್ಲೋ. ಬ್ಯಾರೇದಾಕಿನ್ನ ಮಾಡ್ಕೊಳ್ಳೂದಾದ್ರ ನಿಮ್ಮ ಬಾಯಿಲೆ ಹೇಳ್ರಿ. ಮಂದಿ ಬಾಯಾಗ ನಿಮ್ಮನ್ನ ಕೇಳಿ ಕೇಳಿ ನಿಮ್ಮ ದನಿ ಹೆಂಗಿತ್ತು ಅನ್ನೂದು ಮರತೇನಿ. ಕ್ಷೇಮ ಅಂತ ಇನ್ನ ಬರಸಬ್ಯಾಡ್ರಿ. ಅದು ನಿಮ್ಮ ಮಾತಲ್ಲ.”

ಹಾಳೆ ಇಳಿಸಿದೆ. ಅವ್ವ ಎಲ್ಲೂ ನೋಡದೆ ಎದ್ದು ಅಡಿಗೆಮನೆಗೆ ಹೋದಳು. ಹಿಟ್ಟಿನ ಡಬ್ಬಿಯ ಸಪ್ಪಳ ಕೇಳಿಸಿತು, ಆಮೇಲೆ ರೊಟ್ಟಿ ಬಡಿಯುವ ಸಪ್ಪಳ, ದೊಡ್ಡ ರೊಟ್ಟಿಯದು. ನೀಲವ್ವ ಉಸಿರು ಎಳೆದುಕೊಂಡಳು. ಅಷ್ಟರಲ್ಲಿ ಮಾವ ಮಾತಾಡಿದ. ಬಂದಾಗಿನಿಂದ ಅವನ ಮೊದಲ ಮಾತು ಅದು.

“ಶಾಂತವ್ವಾ, ಇನ್ನೊಂದು ಹಾಳಿ ತಗೋ. ಉತ್ತರಾ ಬರ್ಕೊ.”

“ಅಲ್ಲೋ ಮಲ್ಲೇಶಿ,” ಅಂದ ಅಪ್ಪ, “ಆಕಿ ಇಲ್ಲೇ ಒಲೀ ಮುಂದ ಕುಂತಾಳ. ಕಾಗದ ಯಾಕ?”

“ಇರ್ಲಿ ಅಣ್ಣಾರ. ಬಾಯಿಲೆ ಹೇಳಾಕ ಹೋದ್ರ ನಾ ಅರ್ಧಾ ಹೇಳ್ತೇನಿ, ಅವ್ವ ಅರ್ಧಾ ಹೇಳ್ತಾಳ.”

ನಾನು ನೆಲಕ್ಕೆ ಕೂತು ಬರೆದುಕೊಂಡೆ. ಅವನು ‘ಸೊಲ್ಲಾಪುರದಿಂದ ಮಲ್ಲೇಶಪ್ಪ’ ಎಂದೇ ಸುರು ಮಾಡಿದ. ಆ ಊರಿನಲ್ಲಿ ಕೂತವನ ಹಾಗೆ ಎದುರಿನ ಗೋಡೆ ನೋಡುತ್ತ, ನಡುನಡುವೆ ಉಗುರು ಕಡಿಯುತ್ತ ಹೇಳಿದ.

“ಖೋಲಿಯಾಗ ಒಬ್ಬರ ಕಾಲಿಗೆ ಒಬ್ಬರ ತಲಿ ಇಟ್ಟು ಗಂಡಸರೇ ಮಲಗ್ತೇವಿ. ನಿನ್ನ ಕರಿಯಾಕ ಜಾಗಾ ಇಲ್ಲ ಅಂತ ಇನ್ನೊಬ್ಬನ ಕೈಲೆ ಹೆಂಗ ಬರಸ್ಲಿ? ನಾಚಿಕಿ ಬಂತು. ಅದಕ್ಕ ಕ್ಷೇಮ ಅಂತ ಬರಸ್ತಿದ್ದೆ. ಬಸ್ಸಿನ್ಯಾಗ ವಿಜಾಪುರ ಬರೂತನಕ ನಿನ್ನ ಮಾರಿ ನೆನಪಿಗೆ ಬರಲಿಲ್ಲ. ಕೈ ಅಷ್ಟ ಬಂತು, ಬೂದಿ ಹತ್ತಿದ್ದು. ಅವ್ವ ಹೆಣ್ಣು ನೋಡ್ಯಾಳ. ನಾ ಹೂಂ ಅಂದಿಲ್ಲ, ಊಂಹೂಂ ಅಂತೂ ಅಂದಿಲ್ಲ. ಇವತ್ತ ಊಂಹೂಂ ಅಂತ ಬರಿ.”

ನೀಲವ್ವ ಎದ್ದು ನಿಂತಳು. “ಏನಂದಿ ನೀ…”

“ಬೀಗತಿ,” ಆಯಿ ಕೈ ಅಡ್ಡ ಹಿಡಿದಳು, “ಕಾಗದ ನಡದೈತಿ.”

ನೀಲವ್ವ ನಿಂತಲ್ಲೇ ನಿಂತಳು. ನಾನು ಹಾಳೆ ಒಯ್ದು ಅಡಿಗೆಮನೆಯಲ್ಲಿ ಮೊದಲಿನಿಂದ ಕೊನೆಯ ತನಕ ಓದಿದೆ. ಅತ್ತೆ ಅದನ್ನು ಗೋಡೆಯ ಆಚೆಯಿಂದ ಆಗಲೇ ಕೇಳಿದ್ದಳು; ಆದರೂ ಈಗತಾನೇ ಅಂಚೆಯಲ್ಲಿ ಬಂದದ್ದೆಂಬಂತೆ ತಲೆ ಬಾಗಿಸಿ ಕೇಳಿದಳು. ಒಲೆಯ ಮುಂದಿದ್ದ ಅವ್ವ ರೊಟ್ಟಿ ಬಡಿಯುವ ಕೈ ನಿಲ್ಲಿಸಿದ್ದಳು. ಅತ್ತೆ ಕಣ್ಣು ಒರೆಸಿಕೊಂಡು, ಸಾವಕಾಶ, ಬರಿ ಅಂದಳು. ಹೀಗೆ ಆ ಮಧ್ಯಾಹ್ನವೆಲ್ಲ ನಾನು ಪಡಸಾಲೆಗೂ ಅಡಿಗೆಮನೆಗೂ ನಡುವೆ ಕಾಗದ ಹೊತ್ತು ತಿರುಗಿದೆ. ಬೇರೆ ಖೋಲಿಗೆ ಬಾಡಿಗೆ ಎಷ್ಟಾದೀತು, ಹುನಗುಂದದಲ್ಲಿ ಒಂದೇ ಒಲೆ ಬೇಡ, ಸೊಲ್ಲಾಪುರದಲ್ಲಿ ನಳದ ನೀರು ಯಾವಾಗ ಬರುತ್ತದೆ. ಅವರಿಬ್ಬರೂ ವರ್ಷಗಟ್ಟಲೆ ಆಡದ್ದನ್ನು ಒಂದೇ ಸೂರಿನ ಕೆಳಗೆ, ಒಬ್ಬರ ಮುಖ ಒಬ್ಬರು ನೋಡದೆ, ನನ್ನ ಸಾಲಿ ವಹಿಯ ಹಾಳೆಗಳಲ್ಲಿ ಆಡಿದರು. ಎದುರಿಗೆ ಬಂದರೆ ಒಂದು ಮಾತಿನಲ್ಲಿ ಮುಗಿಯುತ್ತದೆ ಅಂದರಲ್ಲ ಸರ್, ಎದುರಿಗೆ ಬಂದರೆ ಮುಗಿದೇ ಹೋಗುತ್ತಿತ್ತು.

ಹೊತ್ತು ಇಳಿಯುವಾಗ ಮಾವ, “ನಾಳೆ ನನ್ನ ಜೋಡಿ ನಡಿ ಅಂತ ಬರಿ” ಅಂದ. ಒಳಗೆ ಒಯ್ದೆ. ಹೋಗಿಬಿಡು ಗಂಗವ್ವ, ಮತ್ತೆ ಇಂಥ ಹೊತ್ತು ಬರುವುದಿಲ್ಲ ಎಂದು ಅವ್ವ ಕಣ್ಣಲ್ಲೇ ಹೇಳುತ್ತಿದ್ದಳು. ಅತ್ತೆ ಬಹಳ ಹೊತ್ತು ಒಲೆಯ ಕೆಂಡ ಸರಿಮಾಡುತ್ತ ಕೂತಳು. ಆಮೇಲೆ ಅವಳು ಬರೆಸಿದ ಉತ್ತರವನ್ನು ಪಡಸಾಲೆಗೆ ಒಯ್ದು ಓದಿದೆ.

“ಸತ್ತೀನಿ ಅಂತ ಕೇಳಿ ಬಂದ್ರಿ. ಬದುಕೀನಿ ಅಂತ ಕೇಳಿ ಒಮ್ಮೆ ಬರ್ರಿ. ಅವತ್ತ ಬರ್ತೇನಿ.”

ಅಪ್ಪ ತಲೆಗೆ ಕೈ ಹಚ್ಚಿಕೊಂಡ. ಮಾವ ಇನ್ನೊಂದು ಹಾಳೆ ಕೇಳಲಿಲ್ಲ. ಊಟ ಮಾಡಿದ, ತಾಯಿಯನ್ನು ಕರೆದುಕೊಂಡು ಸಂಜೆಯ ಬಸ್ಸಿಗೆ ಹೋದ. ಹೋಗುವಾಗ ನೀಲವ್ವ ನನ್ನ ಕಡೆ ಬೆರಳು ತೋರಿಸಿ, “ಈ ಹುಡುಗಿನ್ನ ಇನ್ನ ಸಾಲಿ ಕಲಸಬ್ಯಾಡ್ರಿ, ಸಂಸಾರ ಮುರೀತಾಳ” ಎಂದಳು. ನನ್ನನ್ನು ಕಾಲೇಜಿಗೆ ಕಳಿಸಬೇಕೆಂದು ಅಪ್ಪ ನಿರ್ಧಾರ ಮಾಡಿದ್ದು ಆ ಮಾತು ಕೇಳಿಯೇ ಎಂದು ನನ್ನ ಗುಮಾನಿ. ಅಪ್ಪನನ್ನು ಕೇಳಿದಾಗಲೆಲ್ಲ ಅವನು ಲಾಳಿ ಒಗೆಯುತ್ತಿದ್ದ.

ಮುಂದೆ ಅವರ ಸಂಸಾರ ಸುಖದ್ದಾಯಿತೆಂದು ನಾನು ಹೇಳಲಾರೆ. ಮಿಲ್ಲು ಮುಚ್ಚಿತು, ಮಾವನ ಎದೆ ಕೆಟ್ಟಿತು, ಅತ್ತೆ ಸೊಲ್ಲಾಪುರದಲ್ಲಿ ಬೀಡಿ ಕಟ್ಟಿ ಮಕ್ಕಳನ್ನು ದೊಡ್ಡ ಮಾಡಿದಳು. ಎಲ್ಲರ ಬದುಕಿನಂತೆ ಅದೂ ದಣಿಸುವಂಥದ್ದೇ. ಆದರೆ ಅದು ಆಮೇಲಿನದು. ಅವತ್ತು ಅವನು ಹೋದ ಮೇಲೆ ಮಳೆ ಹಿಡಿಯಿತು, ಮಳೆ ಬಿಟ್ಟಿತು. ಕಾರ್ಡು ಬರಲಿಲ್ಲ, ಕಲಾದಗಿಯ ಲಗ್ನದ ಸುದ್ದಿಯೂ ಬರಲಿಲ್ಲ. ಕೆಟ್ಟ ಮಾತು ಆಡಿದಿ ಮಗಳೆ ಎಂದು ಆಯಿ ದಿನಾ ಅನ್ನುತ್ತಿದ್ದಳು, ಅತ್ತೆ ದಿನಾ ಕಂಡಿಕೆ ಸುತ್ತುತ್ತಿದ್ದಳು. ಹಬ್ಬವೂ ಅಲ್ಲದ, ಸಂತೆಯೂ ಅಲ್ಲದ ಒಂದು ದಿನ, ಬಿಸಿಲು ಏರುವ ಹೊತ್ತಿಗೆ, ಗಡ್ಡ ಹೆರೆಸಿಕೊಂಡು, ಒಗೆದ ಅಂಗಿ ತೊಟ್ಟು ಮಲ್ಲೇಶಿ ಮಾವ ಒಬ್ಬನೇ ಬಂದು ಹೊಸ್ತಿಲ ಹೊರಗೆ ನಿಂತ. ಮಗ್ಗ ನಿಂತಿತು. ಆಯಿ ಗಾಬರಿಯಿಂದ ಎದ್ದಳು.

“ಏನಾತೋ ಮಲ್ಲೇಶಿ? ಯಾರಿಗೇನಾತು? ಕಾಗದಾ ಗೀಗದಾ ಬಂತೇನು?”

“ಏನೂ ಬಂದಿಲ್ಲರಿ ಅತ್ತಿ,” ಎಂದ ಅವನು, ಆಯಿಯನ್ನು ದಾಟಿ ನೇರ ಒಳಗೆ ನೋಡುತ್ತ. “ಆಕಿ ಬದುಕ್ಯಾಳ ಅಂತ ಗೊತ್ತಿತ್ತು. ಬಂದೆ.”